ಗೋಡೆಯ ಮೇಲಿನ ಪಂಕ್ತಿಭೇದ

ಹೊರನಾಡಿನ ಕನ್ನಡ ಸಂಘಗಳ ಸಭಾಂಗಣಗಳನ್ನು ಕಂಡವರಿಗೆ ಒಂದು ಗೋಡೆ ಚೆನ್ನಾಗಿ ಗೊತ್ತು. ಜ್ಞಾನಪೀಠ ಪಡೆದ ಎಂಟು ಮಂದಿಯ ಭಾವಚಿತ್ರಗಳಿರುವ ಗೋಡೆ ಅದು. 1967ರ ಕುವೆಂಪು, 1973ರ ಬೇಂದ್ರೆ, 1977ರ ಕಾರಂತ, 1983ರ ಮಾಸ್ತಿ, 1990ರ ಗೋಕಾಕ, 1994ರ ಅನಂತಮೂರ್ತಿ, 1998ರ ಕಾರ್ನಾಡ, 2010ರ ಕಂಬಾರ. ಎಡದಿಂದ ನೋಡುತ್ತ ಬನ್ನಿ. ಕುವೆಂಪು ಅವರ ಎರಡೂ ಪಕ್ಕ ಧಾರಾಳ ಜಾಗ. ಬೇಂದ್ರೆ, ಕಾರಂತರಿಗೂ ಕೊರತೆಯಿಲ್ಲ. ಗೋಕಾಕರ ಹೊತ್ತಿಗೆ ಸಾಲು ಬಿಗಿಯಾಗತೊಡಗುತ್ತದೆ. ಕಾರ್ನಾಡರು ಅನಂತಮೂರ್ತಿಯವರ ಹೆಗಲಿಗೆ ಹೆಗಲು ತಾಗಿಸಿ ನಿಂತಂತಿದೆ. ಕಂಬಾರರ ಚೌಕಟ್ಟು ಸ್ವಿಚ್ ಬೋರ್ಡಿಗೂ ಮೂಲೆಗೂ ನಡುವೆ ಸಿಕ್ಕಿಕೊಂಡಿದೆ. ಇದು ಯಾರೋ ಬೇಕೆಂದು ಮಾಡಿದ ಅವಮಾನವಲ್ಲ, ಅಳೆಯದೆ ಮಾಡಿದ ಕೆಲಸದ ಫಲ ಅಷ್ಟೆ. ಆದರೆ ಕೂತು ನೋಡುವವರಿಗೆ ಕಾಣುವುದು ಪಂಕ್ತಿಭೇದವೇ.

ಆ ಗೋಡೆ ಹಾಗಾದದ್ದು ಹೇಗೆಂಬುದನ್ನು ಊಹಿಸುವುದು ಕಷ್ಟವಲ್ಲ. ರಾಜ್ಯೋತ್ಸವಕ್ಕೆ ಎರಡು ದಿನವಿದೆ. ಒಬ್ಬ ಹುಡುಗ ಸ್ಟೂಲಿನ ಮೇಲೆ ಮೊಳೆ ಕಚ್ಚಿಕೊಂಡು ನಿಂತಿದ್ದಾನೆ. ಕೆಳಗೆ ನಾಲ್ಕು ಮಂದಿ ಹಿರಿಯರು ನಾಲ್ಕು ಕಡೆಯಿಂದ ನೋಡುತ್ತಿದ್ದಾರೆ. "ಸ್ವಲ್ಪ ಎಡಕ್ಕ ಸರಸಪಾ", "ಬೇಡ ಮಾರಾಯಾ, ಬಲಕ್ಕೇ ಇರಲಿ", "ಹಾಂ, ಹಾಂ, ಅಲ್ಲೇ ಹೊಡಿ!" ಯಾರೋ ಒಬ್ಬರು ಮೆಲ್ಲಗೆ ಟೇಪ್ ತರಬಹುದಿತ್ತಲ್ಲ ಎನ್ನುತ್ತಾರೆ. ಉತ್ತರ ಸಿದ್ಧವಾಗಿದೆ: "ಇಷ್ಟಕ್ಕೆಲ್ಲಾ ಟೇಪ್ ಯಾಕ್ರೀ? ನಾ ಕಣ್ಣಳತಿ ಮ್ಯಾಲ ಹೇಳ್ತೀನಲ್ಲ!" ಅಲ್ಲಿಗೆ ಮಾತು ಮುಗಿಯಿತು. ಟೇಪ್ ಕೇಳಿದವರು ಸಣ್ಣವರಾದರು.

ಈ ಕಣ್ಣಳತೆಯ ಹೆಮ್ಮೆಯನ್ನು ಒಮ್ಮೆ ಲೆಕ್ಕಕ್ಕೆ ಹಿಡಿದು ನೋಡಬೇಕು. ಗೋಡೆ 30 ಅಡಿ, ಅಂದರೆ 360 ಇಂಚು ಎಂದು ಇಟ್ಟುಕೊಳ್ಳಿ. ಒಂದೊಂದು ಚೌಕಟ್ಟಿನ ಅಗಲ, ಹೊರ ಅಂಚಿನಿಂದ ಹೊರ ಅಂಚಿಗೆ, 18 ಇಂಚು. ಎಂಟು ಚೌಕಟ್ಟುಗಳಿಗೆ 144 ಇಂಚು ಹೋಯಿತು. ಉಳಿದ ಖಾಲಿ ಗೋಡೆ 216 ಇಂಚು. ಎಂಟು ಚಿತ್ರಗಳ ನಡುವೆ ಏಳು ಸಂದು, ಎರಡು ತುದಿಗಳಲ್ಲಿ ಎರಡು, ಒಟ್ಟು ಒಂಬತ್ತು. 216ನ್ನು 9ರಿಂದ ಭಾಗಿಸಿದರೆ 24. ಎರಡೆರಡು ಅಡಿಯ ಸಂದು ಬಿಟ್ಟರೆ ಎಂಟೂ ಮಂದಿ ಸಮವಾಗಿ ನಿಲ್ಲುತ್ತಾರೆ.

ಈಗ ಕಣ್ಣಳತೆಯವರು 24 ಇಂಚಿನ ಬದಲು 27 ಇಂಚು ಬಿಟ್ಟರು ಎನ್ನಿ. ವ್ಯತ್ಯಾಸ ಮೂರೇ ಇಂಚು, ಸುಮಾರು ನಾಲ್ಕು ಬೆರಳಗಲ. ಹತ್ತು ಅಡಿ ದೂರದಿಂದ ನೋಡುವ ಯಾವ ಕಣ್ಣಿಗೂ ಇದು ತಪ್ಪೆಂದು ತೋರುವುದಿಲ್ಲ. ಆದರೆ 27 ಮತ್ತು 18 ಸೇರಿ 45. ಎಂಟು ಸಲ 45 ಅಂದರೆ 360. ಎಂಟನೆಯ ಚೌಕಟ್ಟಿನ ಬಲ ಅಂಚು ನೇರವಾಗಿ ಮೂಲೆಯ ಗೋಡೆಗೆ ಹೋಗಿ ಮುಟ್ಟುತ್ತದೆ. ಆರು ಚಿತ್ರ ಹಾಕಿದ ಮೇಲೆ ಇದು ಯಾರಿಗೋ ಹೊಳೆಯುತ್ತದೆ. ಆಗ ಉಳಿದಿರುವುದು 90 ಇಂಚು. ಅದರಲ್ಲಿ ಎರಡು ಚೌಕಟ್ಟಿಗೆ 36 ಹೋದರೆ ಮೂರು ಸಂದಿಗೆ ತಲಾ 18. ಮೊದಲ ಆರು ಮಂದಿಗೆ 27, ಕೊನೆಯ ಇಬ್ಬರಿಗೆ ಅದರ ಮೂರನೆಯ ಎರಡು ಪಾಲು. ನಾಲ್ಕು ಬೆರಳಿನ ಔದಾರ್ಯದ ಸಾಲವನ್ನು ತೀರಿಸಿದವರು ಕಾರ್ನಾಡರು ಮತ್ತು ಕಂಬಾರರು.

ಕಣ್ಣಳತೆಯ ಮುಖ್ಯ ದೋಷ ಇಲ್ಲಿದೆ. ಅದು ತಪ್ಪುತ್ತದೆ ಎಂಬುದಷ್ಟೇ ಅಲ್ಲ, ಒಂದೇ ದಿಕ್ಕಿಗೆ ತಪ್ಪುತ್ತದೆ. ಎಡದಿಂದ ಶುರುಮಾಡಿದವರ ಕೈ ಮೊದಲು ಧಾರಾಳ, ಆಮೇಲೆ ಬಿಗಿ. ಊಟದ ಪಂಕ್ತಿಯಲ್ಲೂ ಪಾಯಸ ಬಡಿಸುವವರು ಮೊದಲ ಎಲೆಗಳಿಗೆ ಎರಡು ಸೌಟು ಹಾಕಿ, ತುದಿಯ ಎಲೆಗೆ ಬರುವಾಗ ಪಾತ್ರೆ ಓರೆ ಮಾಡುತ್ತಾರೆ. ಬಡಿಸುವವರು ನಮ್ಮವರಾದರೆ ಕೊನೆಯ ಪಂಕ್ತಿಯಲ್ಲಿ ಕೂತರೂ ಚಿಂತೆಯಿಲ್ಲ ಎಂಬ ಗಾದೆ ಹುಟ್ಟಿದ್ದೇ ಕೊನೆಯಲ್ಲಿ ಕೂತವರ ಅನುಭವದಿಂದ. ಗೋಡೆಯ ಮೇಲೆ ಕೊನೆಯಲ್ಲಿರುವವರಿಗೆ ಬಡಿಸುವವರೊಂದಿಗೆ ನೆಂಟಸ್ತಿಕೆಯೂ ಇಲ್ಲ, ಬಾಯಿಬಿಟ್ಟು ಕೇಳುವ ಅವಕಾಶವೂ ಇಲ್ಲ.

ಮನೆಯ ಗೋಡೆಯಲ್ಲಿ ಈ ಕೊನೆಯವರು ಯಾರು? ಡೊಂಬಿವಲಿಯದೋ ಪುಣೆಯದೋ ಎರಡು ಕೋಣೆಯ ಫ್ಲ್ಯಾಟಿನ ಹಾಲ್ ನೋಡಿ. ಮೊದಲು ದೇವರ ಪಟ, ಆಮೇಲೆ ಅಜ್ಜ, ಅಜ್ಜಿ, ಮನೆಯ ಯಜಮಾನನ ತಂದೆ, ತಾಯಿ. ಸೊಸೆಯ ತಂದೆ ತೀರಿಕೊಂಡ ವರ್ಷ ಅವರ ಫೋಟೋ ಚೌಕಟ್ಟು ಹಾಕಿಸಿಕೊಂಡು ಬಂದಾಗ ಆ ಸಾಲಿನಲ್ಲಿ ಜಾಗವಿರುವುದಿಲ್ಲ. ಫ್ರಿಜ್ಜಿನ ಮೇಲೆ, ಕ್ಯಾಲೆಂಡರ್ ಪಕ್ಕ, ಒಂದು ಮೊಳೆ ಸಿಗುತ್ತದೆ. ಯಾರೂ ಬೇಡ ಅನ್ನಲಿಲ್ಲ. ಜಾಗ ಇರಲಿಲ್ಲ, ಅಷ್ಟೆ. ಆದರೆ ಐದು ಚಿತ್ರಗಳನ್ನು ಎರಡು ಅಂಗುಲ ಬಿಗಿ ಮಾಡಿದ್ದರೆ ಆರನೆಯದಕ್ಕೆ ಅದೇ ಸಾಲಿನಲ್ಲಿ ಜಾಗವಿತ್ತೇ ಎಂದು ಯಾರೂ ಅಳೆದೂ ಇರಲಿಲ್ಲ. ಕನ್ನಡದಲ್ಲಿ ಇಂಥವರಿಗೆ ಹೇಳುವ ಮಾತು ನಿಖರವಾಗಿದೆ: ಆಟಕ್ಕುಂಟು, ಲೆಕ್ಕಕ್ಕಿಲ್ಲ.

ಹಾಗಾದರೆ ಭಾಗಾಕಾರ ಮಾಡಿದರೆ ಎಲ್ಲ ಸರಿಹೋಯಿತೇ? ಅವಸರದ ಭಾಗಾಕಾರ ಕಣ್ಣಳತೆಗಿಂತ ದೊಡ್ಡ ಅನಾಹುತ ಮಾಡಬಲ್ಲದು. ಎಂಟು ಚಿತ್ರ ಇವೆಯೆಂದು 360ನ್ನು ಎಂಟರಿಂದ ಭಾಗಿಸಿ 45, 90, 135 ಎಂದು ಗುರುತು ಹಾಕುತ್ತ ಹೋದವರ ಎಂಟನೆಯ ಮೊಳೆ 360ಕ್ಕೆ, ಅಂದರೆ ಮೂಲೆಯ ಒಳಗೇ ಬೀಳುತ್ತದೆ. 100 ಮೀಟರ್ ರಸ್ತೆಗೆ 10 ಮೀಟರಿಗೊಂದರಂತೆ ಈ ತುದಿಯಿಂದ ಆ ತುದಿಯವರೆಗೆ ಗಿಡ ನೆಟ್ಟರೆ ಎಷ್ಟು ಗಿಡ ಬೇಕು ಎಂಬ ಶಾಲೆಯ ಪ್ರಶ್ನೆಗೆ ಅರ್ಧ ತರಗತಿ 10 ಎಂದು ಬರೆದು ಪೆಟ್ಟು ತಿನ್ನುತ್ತಿತ್ತು. ಉತ್ತರ 11. ವಸ್ತುವನ್ನು ಎಣಿಸಬೇಕೋ ಸಂದನ್ನು ಎಣಿಸಬೇಕೋ ಎಂಬ ಆ ಗೊಂದಲವೇ ಮೂವತ್ತು ವರ್ಷದ ಮೇಲೆ ಗೋಡೆಯಲ್ಲಿ ತೂತಾಗಿ ಕಾಣಿಸಿಕೊಳ್ಳುತ್ತದೆ.

360ನ್ನು 9ರಿಂದ ಭಾಗಿಸಿ 40, 80, 120 ಎಂದು ಮೊಳೆ ಹೊಡೆದವರು ಮೂಲೆಯಿಂದ ಪಾರಾದರು. ಆದರೆ ಅವರ ಗೋಡೆಯಲ್ಲಿ ಚಿತ್ರಗಳ ನಡುವೆ 22 ಇಂಚು, ತುದಿಗಳಲ್ಲಿ 31 ಇಂಚು. ಮೊಳೆಗಳು ಸಮ, ಸಂದುಗಳು ಸಮವಲ್ಲ. ಇನ್ನೊಬ್ಬರು ಪ್ರತಿ ಚಿತ್ರಕ್ಕೂ 45 ಇಂಚಿನ ಪಾಲು ಕೊಟ್ಟು, ಅದರ ನಡುವೆ ಅದನ್ನು ನಿಲ್ಲಿಸಿದರೆ ಚಿತ್ರಗಳ ನಡುವೆ 27, ತುದಿಗಳಲ್ಲಿ ಹದಿಮೂರೂವರೆ. ಮತ್ತೊಬ್ಬರು ಮೊದಲ ಹಾಗೂ ಕೊನೆಯ ಚಿತ್ರಗಳನ್ನು ಗೋಡೆಯ ಎರಡು ಅಂಚಿಗೆ ಸೇರಿಸಿ ಏಳು ಸಂದು ಮಾಡಿದರೆ ಒಂದೊಂದೂ 31 ಇಂಚಿಗೆ ಒಂದಿಷ್ಟು ಕಡಿಮೆ. ಇವೆಲ್ಲವೂ ಒಂದೊಂದು ಅರ್ಥದಲ್ಲಿ ಸಮಾನವೇ.

ಹೈದರಾಬಾದಿನಲ್ಲೂ ಪುಣೆಯಲ್ಲೂ ಕಂಪ್ಯೂಟರ್ ಮುಂದೆ ಕೂತು ವೆಬ್ ಪುಟ ಕಟ್ಟುವ ಕನ್ನಡಿಗರಿಗೆ ಇದು ಹೊಸದಲ್ಲ. ಸಿಎಸ್‌ಎಸ್‌ನಲ್ಲಿ ಒಂದು ಸಾಲಿನ ಚೌಕಗಳನ್ನು ಹಂಚಲು ಮೂರು ಬೇರೆ ಬೇರೆ ಆಜ್ಞೆಗಳಿವೆ. ತುದಿಯೂ ನಡುವೂ ಒಂದೇ ಅಳತೆ ಬೇಕಿದ್ದರೆ ಸ್ಪೇಸ್-ಈವನ್‌ಲಿ. ತುದಿಗೆ ಅರ್ಧ ಸಾಕು ಅಂದರೆ ಸ್ಪೇಸ್-ಅರೌಂಡ್. ತುದಿಗೆ ಏನೂ ಬೇಡ ಅಂದರೆ ಸ್ಪೇಸ್-ಬಿಟ್ವೀನ್. ಕಂಪ್ಯೂಟರಿಗೆ "ಸ್ವಲ್ಪ ಎಡಕ್ಕ" ಎಂಬ ಆಜ್ಞೆ ಅರ್ಥವಾಗುವುದಿಲ್ಲ, ಯಾವ ಸಮಾನತೆ ಬೇಕೆಂದು ಅದಕ್ಕೆ ಬಾಯಿಬಿಟ್ಟು ಹೇಳಬೇಕು. ದಿನವಿಡೀ ಹಾಗೆ ಹೇಳುವ ಮಂದಿಯೇ ಭಾನುವಾರ ಮನೆಯಲ್ಲಿ ಮೊಳೆ ಹಿಡಿದಾಗ ಕಣ್ಣು ಕಿರಿದು ಮಾಡಿಕೊಂಡು ಅಂದಾಜಿಗೆ ನಿಲ್ಲುತ್ತಾರೆ.

ಲೆಕ್ಕದ ದೊಡ್ಡ ಉಪಕಾರವೂ ಇದೇ. ಯಾವ ಸಮಾನತೆ ಒಳ್ಳೆಯದು ಎಂದು ಲೆಕ್ಕ ಹೇಳುವುದಿಲ್ಲ. ಸೋಫಾ ಹಿಂದಿನ ಗೋಡೆಗೆ ಒಂದು, ಉದ್ದದ ಪಡಸಾಲೆಗೆ ಇನ್ನೊಂದು ಒಪ್ಪಬಹುದು. ಆ ತೀರ್ಮಾನ ಮನುಷ್ಯರದು, ರುಚಿಯದು. ಆದರೆ ಮೊಳೆ ಹೊಡೆಯುವ ಮೊದಲೇ ಆ ತೀರ್ಮಾನ ಮಾಡಿ ಎಂದು ಲೆಕ್ಕ ಒತ್ತಾಯಿಸುತ್ತದೆ. ಕಣ್ಣಳತೆ ಅದನ್ನು ಮುಂದೂಡುತ್ತ ಹೋಗಿ, ಕೊನೆಯ ಚಿತ್ರ ಕೈಯಲ್ಲಿರುವಾಗ ಎದುರಿಸುತ್ತದೆ.

ಅಳತೆಯಲ್ಲೂ ಎಚ್ಚರ ತಪ್ಪುವ ಜಾಗಗಳಿವೆ. ಮೊದಲನೆಯದು, ಸಂದಿನ ಲೆಕ್ಕ ಮುಗಿದರೂ ಮೊಳೆಯ ಲೆಕ್ಕ ಮುಗಿದಿರುವುದಿಲ್ಲ. ಮೊಳೆ ಬೀಳಬೇಕಾದ್ದು ಚೌಕಟ್ಟಿನ ಅಂಚಿಗಲ್ಲ, ನಡುವಿಗೆ. 24 ಇಂಚಿನ ಸಂದಿಗೆ ಚೌಕಟ್ಟಿನ ಅರ್ಧ 9 ಸೇರಿಸಿದರೆ ಮೊದಲ ಮೊಳೆ 33ಕ್ಕೆ. ಅಲ್ಲಿಂದ 42, 42 ಕೂಡಿಸುತ್ತ ಹೋದರೆ 75, 117, 159, 201, 243, 285, 327. ಈ ಎಂಟು ಸಂಖ್ಯೆಗಳೇ ಇಡೀ ಗೋಡೆಯ ಜಾತಕ. ಮಾಸ್ತಿಯವರ 159ಕ್ಕೂ ಗೋಕಾಕರ 201ಕ್ಕೂ ನಡುವೆ ಸರಿಯಾಗಿ 180, ಗೋಡೆಯ ಮಧ್ಯ. ಎಂಟು ಮಂದಿಯಿರುವ ಸಾಲಿನಲ್ಲಿ ನಟ್ಟನಡುವಿನ ಪೀಠ ಯಾರಿಗೂ ಇಲ್ಲ.

ಎರಡನೆಯದು, ಈ ಎಂಟನ್ನೂ ಎಡ ಮೂಲೆಯಿಂದಲೇ ಅಳೆಯಬೇಕು. ಒಂದು ಚಿತ್ರ ಹಾಕಿ, ಅದರ ಅಂಚಿನಿಂದ ಮುಂದಿನದಕ್ಕೆ ಟೇಪ್ ಹಿಡಿದರೆ ಪ್ರತಿ ಸಲದ ಸಣ್ಣ ತಪ್ಪು ಮುಂದಿನದರ ತಲೆಗೆ ಏರುತ್ತದೆ. ಕರ್ನಾಟಕದ ಬಡಗಿ ಇಂಚಿನ ಎಂಟನೆಯ ಒಂದು ಪಾಲಿಗೆ ನೂಲು ಎನ್ನುತ್ತಾನೆ, ಚೆನ್ನೈಯವನಿಗೂ ಅದು ನೂಲೇ, ಮುಂಬೈ ದೆಹಲಿಯ ಮಿಸ್ತ್ರಿಗೆ ಸೂತ್. ಎಲ್ಲದರ ಅರ್ಥವೂ ದಾರವೇ. ಒಂದೊಂದು ಚೌಕಟ್ಟಿಗೆ ಎರಡು ನೂಲಿನ ತಪ್ಪಾದರೆ ಎಂಟನೆಯದರ ಹೊತ್ತಿಗೆ ಹದಿನಾರು ನೂಲು, ಎರಡು ಇಂಚು. ಒಂದೇ ಮೂಲೆಯಿಂದ ಅಳೆದಾಗ ಮೂರನೆಯದರ ತಪ್ಪು ಮೂರನೆಯದರದ್ದಾಗಿಯೇ ಉಳಿಯುತ್ತದೆ.

ಮೂರನೆಯದು ಎತ್ತರ. ಮೊಳೆಗಳನ್ನೆಲ್ಲ ರಸಮಟ್ಟ ಇಟ್ಟು ಒಂದೇ ಗೆರೆಯಲ್ಲಿ ಹೊಡೆದ ಮೇಲೂ ಚಿತ್ರಗಳು ಮೇಲೆ ಕೆಳಗೆ ಕಾಣುವುದುಂಟು. ಕಾರಣ ಚೌಕಟ್ಟಿನ ಹಿಂದಿನ ತಂತಿ. ಒಂದರ ತಂತಿ ಬಿಗಿ, ಇನ್ನೊಂದರದು ಸಡಿಲ. ಪ್ರತಿ ಚೌಕಟ್ಟಿನ ತಂತಿಯನ್ನೂ ಬೆರಳಿನಿಂದ ಮೇಲಕ್ಕೆಳೆದು, ಆ ತುದಿಯಿಂದ ಚೌಕಟ್ಟಿನ ಮೇಲಂಚಿಗೆ ಎಷ್ಟಿದೆ ಎಂದು ನೋಡಬೇಕು. ಚಿತ್ರದ ನಡು ನೆಲದಿಂದ 66 ಇಂಚಿಗೆ ಬರಬೇಕು, ಚೌಕಟ್ಟಿನ ಎತ್ತರ 24 ಇಂಚು, ತಂತಿ ಮೇಲಂಚಿಗಿಂತ 3 ಇಂಚು ಕೆಳಗೆ ಅಂದರೆ ಮೊಳೆ 66ಕ್ಕೆ 12 ಕೂಡಿಸಿ 3 ಕಳೆದ ಎತ್ತರಕ್ಕೆ, 75ಕ್ಕೆ. ಪಕ್ಕದ ಚೌಕಟ್ಟಿನ ತಂತಿ 2 ಇಂಚು ಕೆಳಗಿದ್ದರೆ ಅದರ ಮೊಳೆ 76ಕ್ಕೆ. ಮೊಳೆಗಳು ಹೆಚ್ಚುಕಡಿಮೆ ಆದಾಗಲೇ ಮುಖಗಳು ಒಂದೇ ಸಾಲಿಗೆ ಬರುತ್ತವೆ.

ಇಷ್ಟಕ್ಕೆ ಬೇಕಾದ್ದು ಒಂದು ಟೇಪು, ಒಂದು ಪೆನ್ಸಿಲು, ಹಳೆಯ ಬಿಲ್ಲಿನ ಹಿಂಬದಿ, ಕಾಲು ಗಂಟೆ. ಗಣಿತ ಐದನೆಯ ತರಗತಿಯದು. ಆದರೂ ವಿರೋಧವಿದೆ, ಅದು ಮುಖ್ಯವಾಗಿ ಕಲೆಯ ಹೆಸರಿನಲ್ಲಿ ಬರುತ್ತದೆ. "ಅಂದ ಅನ್ನೋದು ಇಂಚಿನಲ್ಲಿ ಇರೋದಿಲ್ಲ ರೀ, ಅದು ಕಣ್ಣಿಗೆ ಗೊತ್ತಾಗಬೇಕು" ಎಂಬ ಮಾತಿಗೆ ಸಭೆಯಲ್ಲಿ ತಲೆಯಾಡಿಸುವವರು ಬಹಳ.

ಅವರು ಧಾರವಾಡದ ಕಡೆಯ ಕಸೂತಿಯನ್ನು ನೋಡಬೇಕು. ಅಲ್ಲಿ ಬಟ್ಟೆಯ ಮೇಲೆ ಮೊದಲು ಚಿತ್ರ ಬರೆದುಕೊಳ್ಳುವುದಿಲ್ಲ. ಹಾಸು ಹೊಕ್ಕಿನ ಎಳೆಗಳನ್ನು ಎಣಿಸುತ್ತ ಸೂಜಿ ಹೋಗುತ್ತದೆ. ಗವಂತಿ ಹೊಲಿಗೆಯಲ್ಲಿ ಹೋಗುವಾಗ ಬಿಟ್ಟ ಸಂದುಗಳನ್ನು ಬರುವಾಗ ತುಂಬಬೇಕು, ಮುಂದೆಯೂ ಹಿಂದೆಯೂ ಒಂದೇ ರೂಪ ಕಾಣಬೇಕು. ಒಂದು ಎಳೆ ತಪ್ಪಿದರೆ ಗೋಪುರ ಕಳಶಕ್ಕೆ ಕೂಡುವುದಿಲ್ಲ. ಇಳಕಲ್ ಸೀರೆಯ ಮೇಲೆ ಆ ತೇರನ್ನೂ ಆನೆಯನ್ನೂ ನಡೆಸಿದ ಹೆಣ್ಣುಮಕ್ಕಳು ಕಲೆಗೆ ಲೆಕ್ಕ ಯಾಕೆ ಎಂದು ಕೇಳಲಿಲ್ಲ. ಬೆಳಗಿನ ಅಂಗಳದಲ್ಲಿ 15 ಚುಕ್ಕಿಯಿಟ್ಟು 8ರವರೆಗೆ ಸಂದು ಚುಕ್ಕಿ ಇಡುವವರೂ ಕೇಳಲಿಲ್ಲ. ಚುಕ್ಕಿ ಎಣಿಸಿ ಇಟ್ಟ ಮೇಲೆಯೇ ಗೆರೆಗೆ ಸ್ವಾತಂತ್ರ್ಯ. ನವತಾಳದ ವಿಗ್ರಹವನ್ನು ತಾಳಕ್ಕೆ 12ರಂತೆ 108 ಅಂಗುಲವಾಗಿ ಪಾಲು ಮಾಡಿಕೊಂಡ ಶಿಲ್ಪಿಯೂ ಕೇಳಲಿಲ್ಲ.

ಈ ವಾದ ಕನ್ನಡ ನಾಡಿನಲ್ಲಿ ಹೊಸದೂ ಅಲ್ಲ. 9ನೆಯ ಶತಮಾನದಲ್ಲಿ ರಾಷ್ಟ್ರಕೂಟ ಅಮೋಘವರ್ಷ ನೃಪತುಂಗನ ಆಶ್ರಯದಲ್ಲಿದ್ದ ಮಹಾವೀರಾಚಾರ್ಯ ತನ್ನ 'ಗಣಿತಸಾರಸಂಗ್ರಹ'ದ ಆರಂಭದಲ್ಲಿಯೇ ಸಂಗೀತ, ನಾಟಕ, ಅಡುಗೆ, ವೈದ್ಯ, ವಾಸ್ತುವಿದ್ಯೆಗಳಿಗೆಲ್ಲ ಗಣಿತ ಬೇಕೆಂದು ಸಾರಿದ. 'ಕವಿರಾಜಮಾರ್ಗ' ಹುಟ್ಟಿದ್ದೂ ಅದೇ ಆಸ್ಥಾನದಲ್ಲಿ. ಕವಿತೆಯ ದಾರಿ ತೋರಿಸುವ ಪುಸ್ತಕಕ್ಕೂ ಲೆಕ್ಕದ ಪುಸ್ತಕಕ್ಕೂ ಒಂದೇ ಸೂರಿನಡಿ ಜಾಗವಿತ್ತು. 12ನೆಯ ಶತಮಾನದ ರಾಜಾದಿತ್ಯ 'ವ್ಯವಹಾರಗಣಿತ'ವನ್ನು ಕನ್ನಡದಲ್ಲೇ ಬರೆದ. ಕಲೆ ಬೇರೆ ಲೆಕ್ಕ ಬೇರೆ ಎಂಬ ಗೋಡೆಯನ್ನು ಎಬ್ಬಿಸಿದವರು ಅವರಾರೂ ಅಲ್ಲ. ಗಣಿತದಲ್ಲಿ ಹಿಂದೆ ಬಿದ್ದ ಮಗುವನ್ನು ಚಿತ್ರಕಲೆಗೆ ಸೇರಿಸಿ ಎಂದು ಸಲಹೆ ಕೊಡುವ ಕಾಲದ ಗೋಡೆ ಅದು.

ಪಳಗಿದ ಕಣ್ಣು ಸುಳ್ಳೇ? ಸುಳ್ಳಲ್ಲ. ನಲವತ್ತು ವರ್ಷ ಮರ ಕೊಯ್ದ ಬಡಗಿ ದೂರದಿಂದಲೇ ಬಾಗಿಲು ಎರಡು ನೂಲು ಓರೆಯಿದೆ ಎನ್ನುತ್ತಾನೆ, ಅದು ನಿಜವಾಗಿರುತ್ತದೆ. ಆದರೆ ಆ ಕಣ್ಣು ಪಳಗಿದ್ದು ಸಾವಿರ ಸಲ ಅಳೆದು. ಅವನ ಕಿವಿಯ ಮೇಲೆ ಪೆನ್ಸಿಲ್, ಸೊಂಟದಲ್ಲಿ ಟೇಪ್ ಇಂದಿಗೂ ಇದೆ. ಕೊಯ್ಯುವ ಮೊದಲು ಅವನು ಅಳೆಯುತ್ತಾನೆ. ಅಳೆಯುವುದನ್ನು ಬಿಟ್ಟು ಕಣ್ಣನ್ನಷ್ಟೇ ನಂಬುವವರು ವರ್ಷಕ್ಕೆ ಒಂದು ಮೊಳೆ ಹೊಡೆಯುವವರು.

ಕಣ್ಣಿಗೆ ನ್ಯಾಯವಾಗಿ ಸಲ್ಲಬೇಕಾದ ಕೆಲಸವೂ ಇದೆ. ಹಳೆಯ ಕಟ್ಟಡಗಳಲ್ಲಿ ಸೂರು ಮಟ್ಟವಾಗಿರುವುದಿಲ್ಲ. ಅಲ್ಲಿ ರಸಮಟ್ಟದ ಪ್ರಕಾರ ನೇರ ಇರುವ ಸಾಲು ಸೂರಿನ ಎದುರು ಓರೆಯಾಗಿ ಕಾಣಬಹುದು. ಸೂರನ್ನು ಅನುಸರಿಸಬೇಕೋ ಮಟ್ಟವನ್ನೋ ಎಂದು ಕಣ್ಣೇ ಹೇಳಬೇಕು. ಚಿತ್ರಕ್ಕೆ ಕಟ್ಟು ಹಾಕುವ ಅಂಗಡಿಯವರು ಚಿತ್ರದ ಕೆಳಗಿನ ಬಿಳಿ ಅಂಚನ್ನು ಮೇಲಿನದಕ್ಕಿಂತ ಕೊಂಚ ಅಗಲ ಬಿಡುವುದುಂಟು, ಸರಿಸಮ ಬಿಟ್ಟರೆ ಚಿತ್ರ ಜಾರಿದಂತೆ ಕಾಣುತ್ತದೆಂದು. ಅದು ಕಣ್ಣು ಕಲಿಸಿದ ಪಾಠ. ಆದರೆ ಆ ಕೊಂಚವನ್ನೂ ಅವರು ಸ್ಕೇಲಿಟ್ಟೇ ಕತ್ತರಿಸುತ್ತಾರೆ. ಏನು ಬೇಕೆಂದು ಮೊದಲು ಕಣ್ಣು ಹೇಳಲಿ, ಆದದ್ದು ಸರಿಯೇ ಎಂದು ಕೊನೆಗೂ ಕಣ್ಣೇ ನೋಡಲಿ. ನಡುವಿನ ಕೆಲಸ ಟೇಪಿನದು.

ಇಷ್ಟು ಸುಲಭವಿದ್ದೂ ಟೇಪಿಗೆ ಇಷ್ಟು ವಿರೋಧ ಯಾಕೆ? ಕಲೆಯ ಮಾತು ನೆಪ. ನಿಜವಾದ ಕಾರಣ ಆ ಸ್ಟೂಲಿನ ಸುತ್ತಲೇ ಇದೆ. "ನನ್ನ ಕಣ್ಣಿಗೆ ಸರಿ ಕಾಣ್ತದೆ" ಎಂಬ ಮಾತನ್ನು ಯಾರೂ ಪರೀಕ್ಷಿಸಲಾರರು. ಅಲ್ಲಿ ಗೆಲ್ಲುವುದು ಕಣ್ಣಲ್ಲ, ವಯಸ್ಸು ಅಥವಾ ಹುದ್ದೆ. ಅಧ್ಯಕ್ಷರ ಕಣ್ಣು ಕಾರ್ಯದರ್ಶಿಯ ಕಣ್ಣಿಗಿಂತ ಚುರುಕು, ಮಾವನವರ ಕಣ್ಣು ಸೊಸೆಯ ಕಣ್ಣಿಗಿಂತ ಚುರುಕು. ಅದೇ 216ನ್ನು 9ರಿಂದ ಭಾಗಿಸಿ ಕಾಗದದ ಮೇಲೆ ಬರೆದರೆ ಖಜಾಂಚಿಯ ಹತ್ತು ವರ್ಷದ ಮಗಳೂ ಓದಿ, "ಅಂಕಲ್, ಸಂದು ಎಂಟಲ್ಲ, ಒಂಬತ್ತು" ಎನ್ನಬಹುದು. ಆಗ ಅಧ್ಯಕ್ಷರು ಕೂಡ ಮತ್ತೆ ಎಣಿಸಬೇಕಾಗುತ್ತದೆ. ಕಣ್ಣಳತೆಯನ್ನು ಬಿಟ್ಟುಕೊಡುವುದೆಂದರೆ ಈ ಅಧಿಕಾರವನ್ನು ಬಿಟ್ಟುಕೊಡುವುದು. ಅಳೆದು ತೂಗಿ ಮಾತಾಡಬೇಕು ಎಂದು ಮಕ್ಕಳಿಗೆ ಹೇಳುವ ಹಿರಿಯರು ಅಳೆಯುವ ಮಕ್ಕಳನ್ನು ಕಂಡರೆ ಮುಜುಗರಪಡುವುದು ಇದಕ್ಕೇ.

ಬಾಡಿಗೆ ಮನೆಯವರಿಗೆ ಇದರಲ್ಲಿ ದುಡ್ಡಿನ ಮಾತೂ ಇದೆ. ಮುಂಬೈಯ ಹೊಸ ಕಟ್ಟಡಗಳ ಕಾಂಕ್ರೀಟ್ ಗೋಡೆಗೆ ಸುತ್ತಿಗೆಯ ಮೊಳೆ ಇಳಿಯುವುದಿಲ್ಲ, ಡ್ರಿಲ್ಲೇ ಬೇಕು. ಅಂದಾಜಿನ ಒಂದೊಂದು ತಪ್ಪೂ ಒಂದು ತೂತು. ಮನೆ ಬಿಡುವ ದಿನ ಮಾಲೀಕರು ಆ ತೂತುಗಳನ್ನು ಎಣಿಸುವಾಗ ಮಾತ್ರ ಕಣ್ಣಳತೆ ಇರುವುದಿಲ್ಲ. ಡಿಪಾಸಿಟ್ಟಿನಿಂದ ಕಳೆಯುವ ಲೆಕ್ಕ ಬಹಳ ನಿಖರ.

ಇನ್ನು ಸಭಾಂಗಣದ ಗೋಡೆಗೆ ಮುಂದೊಂದು ದಿನ ಒಂಬತ್ತನೆಯ ಚಿತ್ರ ಬರಲಿದೆ ಎಂದು ಕನ್ನಡಿಗರೆಲ್ಲರೂ ಆಶಿಸುತ್ತಾರೆ. ಅಂದು ಲೆಕ್ಕ ಹೀಗಿರುತ್ತದೆ: ಒಂಬತ್ತು ಚೌಕಟ್ಟಿಗೆ 162 ಇಂಚು, ಉಳಿದದ್ದು 198, ಹತ್ತು ಸಂದಿಗೆ ತಲಾ 19.8. ಎಂಟೂ ಚಿತ್ರಗಳು ಜಾಗ ಬದಲಿಸಬೇಕು. ಐದನೆಯ ಗೋಕಾಕರು ಸರಿಯಾಗಿ 180ಕ್ಕೆ, ಗೋಡೆಯ ನಡುವಿಗೆ ಬರುತ್ತಾರೆ. ಪ್ರತಿಯೊಬ್ಬರೂ ನಾಲ್ಕು ಇಂಚಿನಷ್ಟು ಸಂದು ಬಿಟ್ಟುಕೊಟ್ಟರೆ ಹೊಸಬರಿಗೆ ಉಳಿದ ಎಲ್ಲರಷ್ಟೇ ಜಾಗ. ಹಾಗೆ ಮಾಡದೆ ಒಂಬತ್ತನೆಯವರನ್ನು ಬಾಗಿಲಿನ ಮೇಲೋ ಗಡಿಯಾರದ ಕೆಳಗೋ ಕೂರಿಸಿ, "ಸದ್ಯಕ್ಕೆ ಇಲ್ಲಿರಲಿ" ಎನ್ನುವ ಸಂಘ ಆ ಸದ್ಯವನ್ನು ಇಪ್ಪತ್ತು ವರ್ಷ ಎಳೆಯುತ್ತದೆ.

ಅದನ್ನು ತಪ್ಪಿಸಲು ಈಗಲೇ ಮಾಡಬಹುದಾದ ಎರಡು ಕೆಲಸಗಳಿವೆ. ಗೋಡೆಯುದ್ದಕ್ಕೆ ಒಂದು ಪಟ್ಟಿ ಬಿಗಿದು, ಚಿತ್ರಗಳನ್ನು ಅದರಿಂದ ತಂತಿಯಲ್ಲಿ ಇಳಿಬಿಟ್ಟರೆ ಮುಂದೆ ಸರಿಸುವುದಕ್ಕೆ ಹೊಸ ತೂತು ಬೇಡ. ಜೊತೆಗೆ, ಗೋಡೆಯ ಉದ್ದ, ಚೌಕಟ್ಟಿನ ಅಗಲ, ಸಂದುಗಳ ಸಂಖ್ಯೆ, ಎಂಟು ಮೊಳೆಗಳ ಅಳತೆ, ಇಷ್ಟನ್ನೂ ಒಂದು ಚೀಟಿಯಲ್ಲಿ ಬರೆದು ಮೊದಲ ಚೌಕಟ್ಟಿನ ಹಿಂದೆ ಅಂಟಿಸಬೇಕು. ಒಂಬತ್ತನೆಯ ಚಿತ್ರ ಹಿಡಿದು ಬರುವವರು ಕುವೆಂಪು ಅವರ ಪಟ ಇಳಿಸಿದಾಗ ಅವರಿಗೆ ಆ ಚೀಟಿ ಸಿಗಲಿ.